ಕಾನ್-ಫ್ರಾಯಿಂಡ್ ಅವರ ಬದುಕನ್ನು ನಾನು ಎರಡು ಸಲ ಬರೆದದ್ದು

ಕಾರ್ಮಿಕ ಕಾನೂನಿನ ವಿದ್ವಾಂಸರೊಬ್ಬರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಯಾರು ಓದುತ್ತಾರೆ ಎಂದು ನಕ್ಕಿದ್ದ ಗೆಳೆಯರೇ ಈಗ ಪ್ರತಿ ಕೇಳುತ್ತಿರುವುದರಿಂದ, ಓಟೋ ಕಾನ್-ಫ್ರಾಯಿಂಡ್ ಅವರ ಬದುಕನ್ನು ಬರೆದ ಬಗೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲ ಪುಸ್ತಕ ಹುಟ್ಟಿನಿಂದಲೇ ಹೊರಟಿತ್ತು: 1900ರಲ್ಲಿ ಫ್ರಾಂಕ್‌ಫರ್ಟಿನ ಯಹೂದಿ ಕುಟುಂಬದಲ್ಲಿ ಜನನ, ಜರ್ಮನಿಯ ಕಾರ್ಮಿಕ ಕಾನೂನಿಗೆ ತಳಪಾಯ ಹಾಕಿದ ಹ್ಯೂಗೋ ಸಿಂಜ್‌ಹೈಮರ್ ಅವರಲ್ಲಿ ಶಿಷ್ಯವೃತ್ತಿ, ಬರ್ಲಿನ್ನಿನ ಕಾರ್ಮಿಕ ನ್ಯಾಯಾಲಯದಲ್ಲಿ ನ್ಯಾಯಾಧೀಶ ಹುದ್ದೆ. 500 ಪ್ರತಿಗಳಿಗೆ ಸುಮಾರು 35,000 ರೂಪಾಯಿ ಕೈಯಿಂದ ಹೋಯಿತು. ಎರಡು ವರ್ಷಗಳಲ್ಲಿ ಮಾರಾಟವಾದದ್ದು 70ರ ಆಸುಪಾಸು. ಉಳಿದ ಕಟ್ಟುಗಳು ಅಟ್ಟ ಸೇರಿದಾಗ ಮನೆಯವರು ಆಡಿದ ಮಾತನ್ನು ಬರೆಯದಿರುವುದೇ ಲೇಸು.

ಎರಡನೆಯ ಸಲ 1933ರಿಂದ ಆರಂಭಿಸಿದೆ. ಹಿಟ್ಲರ್ ಅಧಿಕಾರಕ್ಕೆ ಬಂದ ಹೊಸತರಲ್ಲಿ, ಕಮ್ಯುನಿಸ್ಟರೆಂಬ ಆಪಾದನೆಯ ಮೇಲೆ ರೇಡಿಯೋ ಸಂಸ್ಥೆ ವಜಾ ಮಾಡಿದ್ದ ನೌಕರರ ಪರವಾಗಿ ತೀರ್ಪಿತ್ತ ಅವರು, ಅದೇ ವರ್ಷ ತಮ್ಮ ಹುದ್ದೆಯನ್ನೂ ಕಳೆದುಕೊಂಡು ಲಂಡನ್ನಿಗೆ ಹೋಗಬೇಕಾಯಿತು. ನ್ಯಾಯಪೀಠದಲ್ಲಿ ಕುಳಿತಿದ್ದವರು ಮೂವತ್ತು ದಾಟಿದ ಮೇಲೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಪರದೇಶದ ಕಾನೂನನ್ನು ಮೊದಲಿನಿಂದ ಕಲಿಯಲು ಕುಳಿತರು. ಓದುಗರನ್ನು ಹಿಡಿದದ್ದು ಈ ಇಳಿತವೇ. ಅಲ್ಲಿಂದ ಬಾಲ್ಯಕ್ಕೆ ಮರಳುವ ಕೊಂಡಿಯನ್ನು ಎಲ್ಲಿಟ್ಟೆನೆಂಬುದನ್ನು ಮಾತ್ರ ಹೇಳಲಾರೆ. ಇನ್ನೊಂದು ಪುಸ್ತಕ ಬರೆಯುವುದಿದೆ.

ಅಚ್ಚಿಗೆ ಕೊಡುವ ಮುನ್ನ ಪ್ರತಿ ಅಧ್ಯಾಯವನ್ನೂ ಕಾರ್ಮಿಕ ಸಂಘವೊಂದರ ಕಚೇರಿಯಲ್ಲಿ ಭಾನುವಾರಗಳಂದು ಓದಿದೆ. ಚಹಾ, ಮಂಡಕ್ಕಿಗೆ ವಾರಕ್ಕೆ ಮುನ್ನೂರು ರೂಪಾಯಿಯಷ್ಟು ಖರ್ಚಾಗುತ್ತಿತ್ತು. ಕೂಲಿ, ಕೆಲಸದ ಷರತ್ತುಗಳ ಬಗ್ಗೆ ಸಂಘವು ಮಾಲೀಕರೊಂದಿಗೆ ನಡೆಸುವ ಮಾತುಕತೆಯನ್ನು ‘ಸಾಮೂಹಿಕ ಚೌಕಾಶಿ’ ಎಂದು ಓದಿದೊಡನೆ ಸಂತೆ ನೆನಪಾಗಿ ಎಲ್ಲರೂ ನಕ್ಕರು. ಆ ಪದವನ್ನು ಹೊಡೆದುಹಾಕಿ, ಅವರೇ ಆಡುವ ‘ಸೆಟ್ಲ್‌ಮೆಂಟ್ ಮಾತುಕತೆ’ಯನ್ನು ಉಳಿಸಿಕೊಂಡೆ. ಬ್ರಿಟನ್ನಿನಲ್ಲಿ ಸಂಘವೂ ಮಾಲೀಕರೂ ಮಾಡಿಕೊಳ್ಳುವ ಒಪ್ಪಂದವನ್ನು ಸಾಮಾನ್ಯವಾಗಿ ನ್ಯಾಯಾಲಯದ ಮೂಲಕ ಜಾರಿಗೊಳಿಸುವಂತಿರಲಿಲ್ಲ, ಅಲ್ಲಿನ ಕಾರ್ಮಿಕ ಸಂಘಗಳು ಮತ್ತು ಮಾಲೀಕರ ಸಂಬಂಧವನ್ನು ಪರಿಶೀಲಿಸಿದ, ಕಾನ್-ಫ್ರಾಯಿಂಡ್ ಸದಸ್ಯರಾಗಿದ್ದ ಡಾನೊವನ್ ಆಯೋಗವೂ 1968ರಲ್ಲಿ ಆ ಪದ್ಧತಿಯನ್ನು ಬದಲಿಸಲು ಹೇಳಲಿಲ್ಲ ಎಂದು ಓದಿದಾಗ, ಇಂಥ ಒಪ್ಪಂದಕ್ಕೆ ಕಾನೂನಿನ ಬಲ ಕೊಟ್ಟಿದ್ದ ನಮ್ಮ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯನ್ನೇ ನಂಬಿ ಬೆಳೆದಿದ್ದ ಹಿರಿಯರೊಬ್ಬರು ತಡೆದರು: “ಸಹಿ ಬಿದ್ದ ಮೇಲೂ ಕೋರ್ಟಿಗೆ ಹೋಗುವ ಹಾಗಿಲ್ಲವೆಂದರೆ ಅದೆಂಥ ಸೆಟ್ಲ್‌ಮೆಂಟ್, ಸಾರ್?” ನನ್ನ ಬಳಿ ಉತ್ತರವಿರಲಿಲ್ಲ. ಮೂರು ವಾರ ಬರವಣಿಗೆ ನಿಂತಿತು. ಜರ್ಮನಿಯ ಉಚ್ಚ ಕಾರ್ಮಿಕ ನ್ಯಾಯಾಲಯದ ಆದರ್ಶವು ಫ್ಯಾಸಿಸಂಗೆ ಹತ್ತಿರವಾಗಿದೆಯೆಂದು 1931ರಲ್ಲೇ ಬರೆದಿದ್ದ ಮನುಷ್ಯ, ನ್ಯಾಯಾಧೀಶರ ಕೃಪೆಗಿಂತ ಸಂಘದ ಸ್ವಂತ ಬಲವನ್ನೇ ನೆಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ ಎಂಬುದು ನನಗೆ ಆಮೇಲೆ ಹೊಳೆದದ್ದು. ಪುಸ್ತಕದ ಅತಿ ಉದ್ದದ ಅಧ್ಯಾಯ ಅದೇ, ಚೆನ್ನಾಗಿರುವುದೂ ಅದೇ.

ರೇಡಿಯೋ ಮೊಕದ್ದಮೆಯನ್ನು ಅಣಕು ನ್ಯಾಯಾಲಯವಾಗಿ ಆಡಿಸುವ ಪ್ರಯೋಗವನ್ನೂ ಮಾಡಿದೆ. ಎಲ್ಲರಿಗೂ ನ್ಯಾಯಾಧೀಶರ ಪಾತ್ರವೇ ಬೇಕಾಗಿತ್ತು, ವಜಾ ಆದವರಾಗಲು ಯಾರೂ ಒಪ್ಪಲಿಲ್ಲ, ಅಲ್ಲಿಗೆ ಕೈಬಿಟ್ಟೆ.

ಎರಡನೆಯ ಪುಸ್ತಕದ 1,000 ಪ್ರತಿಗಳಲ್ಲಿ ಸುಮಾರು 900 ಒಂದೂವರೆ ವರ್ಷದೊಳಗೆ ಖರ್ಚಾಗಿ, ಹಳೆಯ ನಷ್ಟವೂ ಬಹುಪಾಲು ತುಂಬಿತು. 1964ರ ಆಕ್ಸ್‌ಫರ್ಡ್ ಪ್ರಾಧ್ಯಾಪಕ ಪೀಠ, 1976ರ ‘ಸರ್’ ಪದವಿ, 1979ರ ಮರಣ ಇವೆಲ್ಲ ಅದರಲ್ಲಿ ಒಂದೇ ಪುಟದಲ್ಲಿ ಮುಗಿದಿವೆ. ಅದಕ್ಕಿಂತ ಹೆಚ್ಚು ಬೇಕೆಂದು ಆ ಕಚೇರಿಯಲ್ಲಿ ಯಾರೂ ಕೇಳಲಿಲ್ಲ.