ಉಸಿರು ಹಿಡಿದು ಮೆದುಳಿನ ರಕ್ತದ ಹರಿವನ್ನು ಪರೀಕ್ಷಿಸುವುದು ಹೇಗೆ?

ಕತ್ತಿನ ರಕ್ತನಾಳ ಶೇ 70ರಷ್ಟು ಕಿರಿದಾಗಿದೆ ಎಂಬ ವರದಿ ಓದಿ, ಮೆದುಳಿಗೆ ಶೇ 70ರಷ್ಟು ರಕ್ತವೇ ನಿಂತುಹೋಗಿದೆ ಎಂದು ಎದೆಗುಂದಿದವರನ್ನು ಸ್ಕ್ಯಾನಿಂಗ್ ಕೋಣೆಯಲ್ಲಿ ಎಷ್ಟೋ ಬಾರಿ ಕಂಡಿದ್ದೇನೆ. ಹಾಗೇನೂ ಇಲ್ಲ. ದೊಡ್ಡ ನಾಳ ಕಿರಿದಾದರೆ ಅದರ ಮುಂದಿನ ಸಣ್ಣ ನಾಳಗಳು ಹಿಗ್ಗಿ ಹರಿವನ್ನು ಕಾಪಾಡಿಕೊಳ್ಳುತ್ತವೆ, ಪಕ್ಕದ ನಾಳಗಳೂ ನೆರವಿಗೆ ಬರುತ್ತವೆ. ಆರೋಗ್ಯವಂತ ಮೆದುಳಿನ 100 ಗ್ರಾಂ ಭಾಗಕ್ಕೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಬೇಕು. ನಾಳ ಕಿರಿದಾದವರಲ್ಲೂ ಸುಮ್ಮನೆ ಮಲಗಿದ್ದಾಗ ಇದೇ ಅಂಕಿ ಕಾಣಬಹುದು. ಆ ಸಣ್ಣ ನಾಳಗಳಿಗೆ ಇನ್ನೂ ಹಿಗ್ಗುವ ಶಕ್ತಿ ಉಳಿದಿದೆಯೇ ಎಂಬುದನ್ನೇ, ಎಂಆರ್‌ಐ ಯಂತ್ರದಲ್ಲಿ ಉಸಿರು ಹಿಡಿಸಿ ಮಾಡುವ ಈ ಪರೀಕ್ಷೆ ಹುಡುಕುತ್ತದೆ.

ಬಾಯಿ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು ದಿಢೀರನೆ ಕಂಡರೆ ಈ ಪರೀಕ್ಷೆಯ ದಿನಕ್ಕಾಗಿ ಕಾಯಬೇಡಿ. ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ.

ಹಿಂದಿನ ದಿನದಿಂದಲೇ ಕಾಫಿ, ಚಹಾ ನಿಲ್ಲಿಸಿ. ಕೆಫೀನ್ ಮೆದುಳಿನ ನಾಳಗಳನ್ನು ಕುಗ್ಗಿಸುತ್ತದೆ. ಕೆಲವು ತಲೆನೋವಿನ ಮಾತ್ರೆಗಳಲ್ಲೂ ಅದು ಇರುವುದರಿಂದ ನುಂಗುವ ಎಲ್ಲ ಔಷಧಿಗಳ ಪಟ್ಟಿ ತನ್ನಿ. ಆದರೆ ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಲೋಹದ ವಸ್ತುಗಳನ್ನು ತೆಗೆದಿಟ್ಟು, ದೇಹದೊಳಗೆ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ, ಮಲಗಿ.

ಹೆಚ್ಚಿನವರು ಎಡವುವುದು ಇದರ ಮುಂದಿನ ಹಂತದಲ್ಲಿ. ಉಸಿರು ಹಿಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಅದರಿಂದ ಮೆದುಳಿನ ನಾಳಗಳು ಹಿಗ್ಗುತ್ತವೆ, ಎಂಆರ್‌ಐ ಸಂಕೇತವೂ ಏರುತ್ತದೆ. ‘ಉಸಿರು ಹಿಡಿಯಿರಿ’ ಎಂದೊಡನೆ ಎಲ್ಲರೂ ಎದೆಯುಬ್ಬಿಸಿ ಗಾಳಿ ಎಳೆದುಕೊಳ್ಳುತ್ತಾರೆ. ಅದು ತಪ್ಪು. ದೀರ್ಘವಾಗಿ ಎಳೆದ ಉಸಿರು ನಮಗೆ ಬೇಕಾದ ಡೈಆಕ್ಸೈಡನ್ನೇ ತಗ್ಗಿಸುತ್ತದೆ, ಎದೆಯೊಳಗಿನ ಒತ್ತಡವನ್ನೂ ಬದಲಿಸುತ್ತದೆ. ಮಾಮೂಲಿನಂತೆ ಉಸಿರು ಹೊರಬಿಟ್ಟು, ಅಲ್ಲಿಯೇ ನಿಲ್ಲಿಸಿ. ಹದಿನೈದು ಸೆಕೆಂಡು ಸಾಕು. ಹತ್ತೇ ಸಾಧ್ಯವಾದರೆ ಹತ್ತೇ ಎಂದು ಮೊದಲೇ ಹೇಳಿ, ಲೆಕ್ಕವನ್ನು ಅದಕ್ಕೆ ಹೊಂದಿಸಬಹುದು. ಆದರೆ ನಡುವೆ ಕದ್ದು ಉಸಿರಾಡಿ ಪೂರ್ತಿ ಹಿಡಿದೆ ಎನ್ನಬೇಡಿ: ಏರದ ಸಂಕೇತವನ್ನು ಕಂಡು ನಾಳವೇ ಸೋತಿದೆ ಎಂದು ವರದಿ ಬರೆಯುವ ಅಪಾಯವಿದೆ. ಹೊಟ್ಟೆಗೆ ಉಸಿರಾಟವನ್ನು ದಾಖಲಿಸುವ ಪಟ್ಟಿ ಕಟ್ಟಿಯೇ ಈ ಪರೀಕ್ಷೆ ಮಾಡಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ.

ಬಿಟ್ಟ ಮೇಲೂ ಎಚ್ಚರ ಬೇಕು. ಗಬಕ್ಕನೆ ಗಾಳಿ ಎಳೆದರೆ ತಲೆ ಅಲುಗುತ್ತದೆ. ಕೆಲವೇ ಮಿಲಿಮೀಟರ್ ಅಲುಗಿದರೂ ಚಿತ್ರ ಕೆಡುತ್ತದೆ. ಉಸಿರು ಹಿಡಿಯುವ ಸುತ್ತುಗಳ ನಡುವೆ ಗಾಬರಿಯಿಂದ ಬೇಗಬೇಗ ಉಸಿರಾಡಿದರೆ ನಾಳಗಳು ಮತ್ತೆ ಕುಗ್ಗುತ್ತವೆ. ಹಿಂದಿನ ದಿನ ಗಡಿಯಾರ ನೋಡುತ್ತ ಕುಳಿತು ನಾಲ್ಕು ಬಾರಿ ಅಭ್ಯಾಸ ಮಾಡಿ ಬಂದವರ ಚಿತ್ರಗಳು ಎದ್ದು ಕಾಣುವಷ್ಟು ಸ್ವಚ್ಛವಾಗಿರುತ್ತವೆ. ಹೃದಯ, ಶ್ವಾಸಕೋಶದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಅಭ್ಯಾಸ ಮಾಡಲಿ.

ಉಸಿರು ಹಿಡಿಯಲಾಗದವರಿಗೆ ಮೆದುಳಿನ ನಾಳಗಳನ್ನು ಹಿಗ್ಗಿಸುವ ಅಸೆಟಜೊಲಮೈಡ್ ಚುಚ್ಚುಮದ್ದು ಇದೆ. ಮೊದಲು ಒಂದು ಚಿತ್ರ, ಸಾಮಾನ್ಯವಾಗಿ 1 ಗ್ರಾಂ ಮದ್ದು, 15ರಿಂದ 20 ನಿಮಿಷ ಬಿಟ್ಟು ಇನ್ನೊಂದು ಚಿತ್ರ. ತುಟಿ, ಬೆರಳು ಜುಮ್ಮೆನ್ನುವುದು, ಪದೇ ಪದೇ ಮೂತ್ರ ಬರುವುದು ಸಹಜ. ಸಲ್ಫಾ ಔಷಧಿಗಳ ಅಲರ್ಜಿ, ಮೂತ್ರಪಿಂಡದ ಕಾಯಿಲೆ ಇದ್ದರೆ ಮುಚ್ಚಿಡಬೇಡಿ. ಸಮಯ ಉಳಿಸಲು ಎರಡರಲ್ಲಿ ಒಂದೇ ಚಿತ್ರ ಸಾಕೆಂದರೆ ಒಪ್ಪಬೇಡಿ. ಹೋಲಿಕೆಯಿಲ್ಲದೆ ನಾಳದ ಶಕ್ತಿ ತಿಳಿಯುವುದಿಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 98 ತೋರಿಸಿತೆಂದು ನೆಮ್ಮದಿ ಪಡುವವರೂ ಇದ್ದಾರೆ. ಮೆದುಳಿನ ಹರಿವಿನ ಬಗ್ಗೆ ಆ ಸಾಧನ ಏನನ್ನೂ ಹೇಳಲಾರದು.

ಮದ್ದಿನ ನಂತರ ಆರೋಗ್ಯವಂತ ಭಾಗದಲ್ಲಿ ಹರಿವು ಸಾಮಾನ್ಯವಾಗಿ ಶೇ 30ರಿಂದ 60ರಷ್ಟು ಏರುತ್ತದೆ. ಏರದಿದ್ದರೆ ಅಲ್ಲಿನ ನಾಳಗಳು ಆಗಲೇ ಪೂರ್ತಿ ಹಿಗ್ಗಿವೆ ಎಂದರ್ಥ. ಇಳಿದರೆ ಇನ್ನೂ ಗಂಭೀರ: ಹಿಗ್ಗಬಲ್ಲ ನೆರೆಯ ನಾಳಗಳು ಆ ಭಾಗದ ರಕ್ತವನ್ನೂ ಸೆಳೆದುಕೊಳ್ಳುತ್ತಿವೆ. ಎಡ–ಬಲ ಒಂದೇ ರೀತಿ ಇದೆಯೆಂದು ಸಮಾಧಾನಪಡಬೇಡಿ, ಎರಡೂ ಬದಿ ಕಿರಿದಾಗಿದ್ದರೂ ಚಿತ್ರ ಹಾಗೆಯೇ ಕಾಣುತ್ತದೆ. ಬಣ್ಣದ ಮದ್ದು (ಕಾಂಟ್ರಾಸ್ಟ್) ಚುಚ್ಚದೆ, ರಕ್ತವನ್ನೇ ಗುರುತು ಮಾಡಿ ತೆಗೆಯುವ ಎಂಆರ್‌ಐಯಲ್ಲಿ ಕಿರಿದಾದ ನಾಳದ ರಕ್ತ ಸುತ್ತುಬಳಸಿ ತಡವಾಗಿ ತಲಪುತ್ತದೆ. ಚಿತ್ರ ಬೇಗ ತೆಗೆದರೆ ಇರುವ ರಕ್ತವೂ ಇಲ್ಲವೆಂದು ಕಾಣುತ್ತದೆ. ವರದಿಯಲ್ಲಿ ‘ಹರಿವು ಕಡಿಮೆ’ ಎಂದಿದ್ದರೆ, ನಿಜವಾಗಿ ಕಡಿಮೆಯೋ ತಡವೋ ಎಂದು ರೇಡಿಯಾಲಜಿಸ್ಟರನ್ನು ನೇರವಾಗಿ ಕೇಳಿ.