ಅಣುಜೀವವಿಜ್ಞಾನಿಯ ಪರಿಚಯ ಲೇಖನ ಬರೆಯುವವರಿಗೆ

ಮುಂಬಯಿಯ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ವಿಜ್ಞಾನಿಗಳ ಪರಿಚಯ ಲೇಖನಗಳಿಗೇನೂ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಹುಟ್ಟೂರು, ಪದವಿ, ಪ್ರಶಸ್ತಿ ಎಂದು ಸನ್ಮಾನ ಪತ್ರದ ಧಾಟಿಯಲ್ಲೇ ಸಾಗಿ, ಆ ವ್ಯಕ್ತಿ ಪ್ರಯೋಗಾಲಯದಲ್ಲಿ ಕಂಡುಕೊಂಡದ್ದೇನು, ಅದರಿಂದ ಉಳಿದವರ ಕೆಲಸ ಹೇಗೆ ಬದಲಾಯಿತು ಎಂಬುದನ್ನು ಹೇಳದೆಯೇ ಮುಗಿದುಹೋಗುತ್ತವೆ. ಹೀಗೆ ಬಿಟ್ಟುಹೋಗುವ ಈ ಎರಡು ಸಂಗತಿಗಳನ್ನು ಬರೆಯುವ ಬಗೆಯನ್ನು, ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1962ರಲ್ಲಿ ಅಣುಜೀವವಿಜ್ಞಾನ (ಮಾಲಿಕ್ಯುಲರ್ ಬಯಾಲಜಿ) ಘಟಕವನ್ನು ಸ್ಥಾಪಿಸಿದ ಒಬೈದ್ ಸಿದ್ದೀಕಿ (1932–2013) ಅವರನ್ನು ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿವರಿಸಿದೆ.

ಮೊದಲು ಪಬ್‌ಮೆಡ್ ಮತ್ತು ಗೂಗಲ್ ಸ್ಕಾಲರ್ ಎಂಬ ಜಾಲತಾಣಗಳಲ್ಲಿ ವಿಜ್ಞಾನಿಯ ಸಂಶೋಧನಾ ಪ್ರಬಂಧಗಳನ್ನು ಹುಡುಕಿ, ಪ್ರಕಟವಾದ ವರ್ಷದ ಕ್ರಮದಲ್ಲಿ ಜೋಡಿಸಿಕೊಳ್ಳಬೇಕು. ಹೆಸರಿನ ಗೊಂದಲ ಇಲ್ಲಿಯೇ ಎದುರಾಗುತ್ತದೆ. ರಾವ್, ಶೆಟ್ಟಿ, ಕುಲಕರ್ಣಿ ಎಂದು ಹುಡುಕಿದರೆ ಹತ್ತಾರು ಮಂದಿಯ ಪ್ರಬಂಧಗಳು ಒಂದೇ ರಾಶಿಯಲ್ಲಿ ಬೀಳುತ್ತವೆ. ಅಡ್ಡಹೆಸರೇ ಇಲ್ಲದ ಕನ್ನಡಿಗರಂತೂ ಒಂದು ಪ್ರಬಂಧದಲ್ಲಿ ತಂದೆಯ ಹೆಸರಿನಿಂದಲೂ ಇನ್ನೊಂದರಲ್ಲಿ ಊರಿನ ಹೆಸರಿನಿಂದಲೂ ದಾಖಲಾಗಿರುತ್ತಾರೆ. ಆದ್ದರಿಂದ ಸಂಸ್ಥೆ, ಸಹಲೇಖಕರು, ಅಧ್ಯಯನಕ್ಕೆ ಬಳಸಿದ ಜೀವಿ ಈ ಮೂರನ್ನೂ ತಾಳೆ ನೋಡದೆ ಯಾವ ಪ್ರಬಂಧವನ್ನೂ ಪಟ್ಟಿಗೆ ಸೇರಿಸಬಾರದು. ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಪ್ರಯೋಗ ಮಾಡಿದವರದು, ಕೊನೆಯದು ಪ್ರಯೋಗಾಲಯದ ಮುಖ್ಯಸ್ಥರದು ಎಂಬುದೂ ನೆನಪಿನಲ್ಲಿರಲಿ.

ಪಟ್ಟಿ ಸಿದ್ಧವಾದ ಮೇಲೆ, ಜೀವಿ ಬದಲಾದ ಕಡೆಯಲ್ಲೆಲ್ಲ ಒಂದು ಗೆರೆ ಎಳೆಯಿರಿ. ಅಲ್ಲಿ ಪ್ರಶ್ನೆಯೂ ಬದಲಾಗಿರುವ ಸಂಭವವೇ ಹೆಚ್ಚು. ಸಿದ್ದೀಕಿಯವರು ಗ್ಲಾಸ್ಗೊದಲ್ಲಿ ತಳಿವಿಜ್ಞಾನಿ ಪಾಂಟೆಕೊರ್ವೊ ಅವರ ಬಳಿ ಆಸ್ಪರ್‌ಜಿಲ್ಲಸ್ ಶಿಲೀಂಧ್ರದ ತಳಿವಿಜ್ಞಾನವನ್ನು ಅಭ್ಯಾಸ ಮಾಡಿದರು. ಅನಂತರ ಅಮೆರಿಕದಲ್ಲಿ ಅಲನ್ ಗ್ಯಾರೆನ್ ಅವರೊಡನೆ ಇ. ಕೋಲಿ ಬ್ಯಾಕ್ಟೀರಿಯಾವನ್ನು ಕೈಗೆತ್ತಿಕೊಂಡರು. 1970ರ ದಶಕದಲ್ಲಿ ಹಣ್ಣುನೊಣದ ನರಮಂಡಲಕ್ಕೆ ಹೊರಳಿದರು. ಪ್ರತಿ ಘಟ್ಟದಿಂದ ಒಂದೇ ಒಂದು ಪ್ರಬಂಧವನ್ನು ಆರಿಸಿ ಪೂರ್ತಿ ಓದುವುದು, ಇಪ್ಪತ್ತರ ಸಾರಾಂಶವನ್ನು ಓದುವುದಕ್ಕಿಂತ ಮೇಲು. ಗ್ಯಾರೆನ್ ಮತ್ತು ಸಿದ್ದೀಕಿಯವರ 1962ರ ಪ್ರಬಂಧವನ್ನೇ ನೋಡಿ: ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವದ ಜೀನ್ ಕೆಟ್ಟು ಕಿಣ್ವವೇ ಉಂಟಾಗದ ಕೆಲವು ಬ್ಯಾಕ್ಟೀರಿಯಾಗಳಲ್ಲಿ, ಬೇರೊಂದು ಜೀನ್‌ನಲ್ಲಿ ನಡೆದ ಬದಲಾವಣೆಯಿಂದ ಆ ಕಿಣ್ವ ಮತ್ತೆ ತಯಾರಾಗತೊಡಗುತ್ತದೆ. ಪ್ರೊಟೀನಿನ ತಯಾರಿಕೆಯನ್ನು ನಡುವೆಯೇ ನಿಲ್ಲಿಸುವ ಸಂಕೇತಗಳಿವೆ ಎಂಬ ತಿಳಿವಳಿಕೆ ಬೆಳೆಯಲು ಇಂಥ ಪ್ರಯೋಗಗಳು ನೆರವಾದವು. ಇಷ್ಟನ್ನು ಸರಳವಾಗಿ ಹೇಳಿದರೆ, ‘ಅಪಾರ ಕೊಡುಗೆ’ ಎಂಬ ಪದಪುಂಜದ ಅಗತ್ಯವೇ ಬೀಳುವುದಿಲ್ಲ.

ಪ್ರಭಾವವನ್ನು ಅಳೆಯುವಾಗ, ಬೇರೆಯವರು ತಮ್ಮ ಪ್ರಬಂಧಗಳಲ್ಲಿ ಮಾಡಿದ ಉಲ್ಲೇಖಗಳ ಮೊತ್ತವನ್ನು ನಕಲು ಮಾಡಿ ಕೈತೊಳೆದುಕೊಳ್ಳಬಾರದು. ಉಲ್ಲೇಖಿಸಿದ ಪ್ರಬಂಧಗಳನ್ನು ತೆರೆದು, ಉಲ್ಲೇಖವಿರುವ ವಾಕ್ಯವನ್ನೇ ಓದಿ, ಅದು ಹೆಸರಿಗೆ ಮಾತ್ರ ಮಾಡಿದ್ದೋ, ವಿಧಾನವನ್ನು ಎರವಲು ಪಡೆದದ್ದೋ, ಫಲಿತಾಂಶದ ಮೇಲೆ ಮುಂದಿನ ಪ್ರಶ್ನೆಯನ್ನು ಕಟ್ಟಿದ್ದೋ, ಅಥವಾ ಅದನ್ನು ತಿದ್ದಿದ್ದೋ ಎಂದು ಬೇರ್ಪಡಿಸಿಕೊಳ್ಳಬೇಕು. ಪ್ರೊಟೀನಿನ ಪ್ರಮಾಣವನ್ನು ಅಳೆಯುವ ಲೌರಿ ಮತ್ತು ಸಂಗಡಿಗರ 1951ರ ಪ್ರಬಂಧಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಉಲ್ಲೇಖಗಳಿವೆ. ಅದು ಉಪಯುಕ್ತ ವಿಧಾನ ಎಂಬುದಕ್ಕೆ ಇದು ಸಾಕ್ಷಿಯೇ ಹೊರತು, ಜೀವವಿಜ್ಞಾನದ ಅತಿ ದೊಡ್ಡ ಶೋಧ ಎಂಬುದಕ್ಕಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಸಿದ್ದೀಕಿ ಮತ್ತು ಸೀಮೋರ್ ಬೆಂಜರ್ 1976ರಲ್ಲಿ ವರ್ಣಿಸಿದ ‘ಕೊಮಟೋಸ್’ ಎಂಬ, ಒಂದು ಜೀನ್ ಕೆಟ್ಟ ಹಣ್ಣುನೊಣ ಇದೆ. ತಾಪ ಏರಿದಾಗ ಅದು ನಿಶ್ಚೇಷ್ಟಿತವಾಗಿ ಬೀಳುತ್ತದೆ. ಕೆಟ್ಟಿದ್ದ ಜೀನ್, ನರತುದಿಗಳಿಂದ ಸಂದೇಶವಾಹಕ ರಾಸಾಯನಿಕಗಳು ಬಿಡುಗಡೆಯಾಗುತ್ತಲೇ ಇರಲು ಬೇಕಾದ ಎನ್‌ಎಸ್‌ಎಫ್ ಪ್ರೊಟೀನಿನದೆಂದು 1990ರ ದಶಕದಲ್ಲಿ ತಿಳಿದುಬಂತು. ಇಂಥ ಸಂದರ್ಭದಲ್ಲಿ ವಿಜ್ಞಾನಿಯ ಹೆಸರಿನ ಜೊತೆಗೆ ಜೀನ್‌ನ ಹೆಸರನ್ನೂ ಹುಡುಕಬೇಕು. ಮೂಲ ಪ್ರಬಂಧವನ್ನು ಉಲ್ಲೇಖಿಸದವರೂ ಆ ನೊಣವನ್ನು ಬಳಸಿರಬಹುದು.

ಪ್ರಬಂಧಗಳ ಸಂಖ್ಯೆಯನ್ನೂ ಅವುಗಳ ಉಲ್ಲೇಖಗಳನ್ನೂ ಒಂದೇ ಅಂಕಿಯಲ್ಲಿ ಹೇಳುವ ಎಚ್-ಸೂಚ್ಯಂಕವನ್ನು 2005ರಲ್ಲಿ ಸೂಚಿಸಿದವರು ಭೌತವಿಜ್ಞಾನಿ ಹಿರ್ಶ್. ತಲಾ ಕನಿಷ್ಠ 20 ಉಲ್ಲೇಖಗಳಿರುವ 20 ಪ್ರಬಂಧಗಳಿದ್ದು, 21ಕ್ಕೆ ಅದೇ ಮಾತು ಸಲ್ಲದಿದ್ದರೆ ಸೂಚ್ಯಂಕ 20. ಯಾವ ದತ್ತಸಂಚಯದಿಂದ, ಯಾವ ದಿನ ತೆಗೆದದ್ದು ಎಂದು ಬರೆಯದಿದ್ದರೆ ಆ ಸಂಖ್ಯೆಗೆ ಬೆಲೆಯಿಲ್ಲ.

ಇಂಥ ಸಂಖ್ಯೆಗಳಿಗಿಂತ ಶಿಷ್ಯರ ಕೆಲಸಕ್ಕೆ ಹೆಚ್ಚಿನ ಜಾಗ ಕೊಡಬೇಕು. ವೆರೋನಿಕಾ ರಾಡ್ರಿಗಸ್ ಟಾಟಾ ಸಂಸ್ಥೆಯಲ್ಲಿ ಸಿದ್ದೀಕಿಯವರ ವಿದ್ಯಾರ್ಥಿನಿಯಾಗಿ, ವಾಸನೆ ಮತ್ತು ರುಚಿಯನ್ನು ಸರಿಯಾಗಿ ಗ್ರಹಿಸಲಾರದ ನೊಣಗಳನ್ನು ಹುಡುಕಿ ತೆಗೆದವರು. ಅವರಿಬ್ಬರ 1978ರ ಪ್ರಬಂಧ ಪ್ರಕಟವಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ವಿದೇಶದ ಹೆಸರುವಾಸಿ ಪತ್ರಿಕೆಗಳನ್ನಷ್ಟೇ ಜಾಲಾಡುವವರಿಗೆ ಇದು ಸಿಗದು. ಸಿದ್ದೀಕಿಯವರು ಬೆಂಗಳೂರಿನಲ್ಲಿ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರವನ್ನು ಕಟ್ಟಿದ್ದನ್ನೂ ಪ್ರತ್ಯೇಕ ಅಧ್ಯಾಯವಾಗಿಸದೆ, ಕೊಲಾಬಾದ ಆ ಘಟಕದ ಮುಂದುವರಿಕೆಯಾಗಿಯೇ ಬರೆಯುವುದು ಸೂಕ್ತ. ಆ ಕೇಂದ್ರದ ಅಭಿಲೇಖಾಲಯವನ್ನು ಬಳಸಿಕೊಳ್ಳಬಹುದು. ಪಿಎಚ್.ಡಿ. ಮಹಾಪ್ರಬಂಧ ಸಿಕ್ಕರೆ ಅದರ ಕೃತಜ್ಞತೆಯ ಪುಟವನ್ನು ಬಿಡಬೇಡಿ. ಪ್ರಬಂಧದಲ್ಲಿ ಹೆಸರೇ ಬಾರದ ತಾಂತ್ರಿಕ ಸಹಾಯಕರು ಅಲ್ಲಿ ಕಾಣಸಿಗುತ್ತಾರೆ.

ಕರಡನ್ನು ಸಂಪಾದಕರಿಗೆ ಕಳುಹಿಸುವ ಮೊದಲು, ಪ್ರಯೋಗವನ್ನು ವಿವರಿಸುವ ಪರಿಚ್ಛೇದಗಳನ್ನಷ್ಟೇ ಆ ಕ್ಷೇತ್ರ ಬಲ್ಲವರಿಗೆ ತೋರಿಸಿ. ಹೊಗಳಿಕೆಯ ಸಾಲುಗಳನ್ನು ಅವರ ಮುಂದಿಟ್ಟರೆ ಸೌಜನ್ಯಕ್ಕೆ ಒಪ್ಪಿಗೆ ಸಿಗುತ್ತದೆ, ತಿದ್ದುಪಡಿ ಸಿಗುವುದಿಲ್ಲ.