ಕಸ ಸುಟ್ಟ ಬೂದಿ ಲ್ಯಾಬಿಗೆ ಕೊಡೋದು ಹೆಂಗ

ನಮ್ ರಾಯಚೂರಿನ ಬಿಸಿಲಾಗ ಬೂದಿ ಸ್ಯಾಂಪಲ್ ತಗಿಯೋದಾದ್ರ ಮುಂಜಾನೆನೇ ಹೋಗ್ರಿ, ಗಾಳಿ ಎದ್ದರ ಸಣ್ಣ ಪುಡಿ ಹಾರಿಹೋಗ್ತದ. ಮಾಸ್ಕ್, ಗ್ಲೌಸ್ ಬೇಕೇ ಬೇಕು. ಒಲಿ ತಳದ ಬೂದಿಗೆ ಹೊಗೆ ಸೋಸೋ ಫಿಲ್ಟರಿನ ಹಾರುಬೂದಿ ಕೂಡಿಸಬ್ಯಾಡ್ರಿ, ಸೀಸ, ಕ್ಯಾಡ್ಮಿಯಂನಂಥ ವಿಷ ಲೋಹದ ಸಾಂದ್ರತೆ ಸಾಮಾನ್ಯವಾಗಿ ಹಾರುಬೂದಿಯಾಗ ಹೆಚ್ಚಿರ್ತದ. ಮ್ಯಾಲಿಂದ ಒಂದ್ ಮುಷ್ಟಿ ತಂದ್ರ ನಡೆಯಂಗಿಲ್ಲ. ನಾಕೈದು ಕಡೆಯಿಂದ ತಗದು, ತಾಡಪತ್ರಿ ಮ್ಯಾಲ ಕಲಸಿ ಗುಡ್ಡಿ ಮಾಡಿ, ರೊಟ್ಟಿ ಮುರದಂಗ ನಾಕು ಪಾಲು ಮಾಡ್ರಿ, ಎದುರುಬದುರಿನ ಎರಡು ಪಾಲು ಇಟ್ಕೊಂಡು ಉಳಿದದ್ದು ಬದಿಗೆ ಸರಸ್ರಿ, ಅರ್ಧ ಕಿಲೋಕ್ಕ ಬರೋತನಕ ಹಿಂಗ ಮತ್ತ ಮತ್ತ ಮಾಡ್ರಿ. ಡಬ್ಬಿ ಹೊಸಾದಿರ್ಲಿ (ಉಪ್ಪಿನಕಾಯಿ ಡಬ್ಬಿಯಾಗ ಕಳಿಸಿ ನಾನು ಬೈಸ್ಕೊಂಡೀನಿ). ಲ್ಯಾಬಿನಾಗ ಟಿಸಿಎಲ್‌ಪಿ ಟೆಸ್ಟ್ (ಬೂದಿಯಿಂದ ವಿಷ ಎಷ್ಟು ನೀರಿಗೆ ಇಳಿತದ ಅಂತ ನೋಡೋ ಪರೀಕ್ಷೆ) ಅಂತ ಕೇಳ್ರಿ, ಬೂದಿನ 20 ಪಟ್ಟು ತೂಕದ ಹುಳಿ ದ್ರಾವಣದಾಗ ಸುಮಾರು 18 ತಾಸು ತಿರುಗಸ್ತಾರ, ಸೋಸಿದ ನೀರಿನಾಗ ಸೀಸ ಲೀಟರಿಗೆ 5 ಮಿಲಿಗ್ರಾಂ, ಕ್ಯಾಡ್ಮಿಯಂ 1 ಮಿಲಿಗ್ರಾಂ ದಾಟಿದ್ರ ಅದು ಅಪಾಯಕಾರಿ ತ್ಯಾಜ್ಯ. ಕಸ ಸುಡುವಾಗ ಹುಟ್ಟೋ ಡಯಾಕ್ಸಿನ್ ಅನ್ನೋ ವಿಷದ ಟೆಸ್ಟ್ ಬ್ಯಾರೆ, ರೊಕ್ಕಾನೂ ಭಾಳ.